ಮೊಳೆ, ತಲೆಕಟ್ಟು, ಎಚ್‌ಎಂಟಿ

ನಮ್ಮ ಡಿಸೈನ್ ಕಾಲೇಜಿನಲ್ಲಿ ಈಗ ಕ್ಯಾಂಟೀನ್ ಇರುವ ಜಾಗದಲ್ಲಿ ನಮ್ಮ ಕಾಲದಲ್ಲಿ ಅಚ್ಚಿನ ಕೋಣೆ ಇತ್ತು ಅಂದರೆ ಈಗಿನ ಹುಡುಗರು ನಂಬುವುದಿಲ್ಲ. ಕಾಲಲ್ಲಿ ತುಳಿದು ಅಚ್ಚು ಹಾಕುವ ಒಂದು ಟ್ರೆಡಲ್ ಮಷೀನು, ಗೋಡೆಗೆ ಒರಗಿಸಿದ ಮರದ ಕೇಸುಗಳು, ಅದರ ತುಂಬಾ ಸೀಸದ ಮೊಳೆಗಳು (ಒಂದೊಂದರ ತುದಿಗೂ ಒಂದೊಂದು ಅಚ್ಚಿನ ಅಕ್ಷರ), ಸೀಮೆಎಣ್ಣೆ ವಾಸನೆ. ನಾವು ಸೇರುವ ಹೊತ್ತಿಗೆ ಅಲ್ಲಿ ಅಚ್ಚು ಹಾಕುವುದು ನಿಂತೇಹೋಗಿತ್ತು. ಪೋಸ್ಟರ್, ಆಹ್ವಾನಪತ್ರ ಎಲ್ಲಾ ಕಂಪ್ಯೂಟರಿನಲ್ಲೇ. ಆದರೂ ಲೆಟರಿಂಗ್ ಮೇಷ್ಟ್ರು ನಮ್ಮನ್ನು ಬಿಡಲಿಲ್ಲ. ಮೌಸ್ ಮುಟ್ಟುವ ಮುಂಚೆ ನಿಮ್ಮ ಹೆಸರನ್ನಾದರೂ ಕೈಯಲ್ಲಿ ಜೋಡಿಸಿ ಬನ್ನಿ ಅಂತ ಹಟ.

ಹೆಸರು ಜೋಡಿಸುವುದು ಏನು ಮಹಾ ಅಂದುಕೊಂಡು ಹೋದರೆ ಗೊತ್ತಾಗುತ್ತಿತ್ತು. ಮೊಳೆಯ ಮೇಲೆ ಅಕ್ಷರ ತಿರುಗುಮುರುಗು. ದೀರ್ಘಕ್ಕೆ ಬೇರೆ ಮೊಳೆ, ಒತ್ತಕ್ಷರಕ್ಕೆ ಬೇರೆ ಮೊಳೆ, ಅರ್ಕಾವತ್ತಿಗೆ ಬೇರೆ. ಗುಡಿಸು ಹಾಕಿದ ಅಕ್ಷರಗಳು ಇನ್ನೊಂದು ಮೂಲೆಯಲ್ಲಿ. ಇಂಗ್ಲಿಷಿನ ಕೇಸು ಪಕ್ಕದಲ್ಲಿಟ್ಟರೆ ಪುಟ್ಟ ಡಬ್ಬಿ ಥರ ಕಾಣುತ್ತಿತ್ತು. ಹೆಸರಲ್ಲಿ ಒತ್ತು ಇಲ್ಲದವರು ಪುಣ್ಯವಂತರು, ನಮ್ಮ ಕ್ಲಾಸಿನ ಕೃಷ್ಣಮೂರ್ತಿಗಳು ಮಾತ್ರ ಮಧ್ಯಾಹ್ನದವರೆಗೂ ಅಲ್ಲೇ. ಹಳೆ ಪುಸ್ತಕಗಳಲ್ಲಿ ಒತ್ತು ಸ್ವಲ್ಪ ದೂರ ಸರಿದು, ಬಲಗಡೆ ಕೆಳಗೆ ಕೂತಿರುತ್ತದಲ್ಲ, ಅದು ಯಾರೋ ಚೆಂದಕ್ಕೆ ಅಂತ ಮಾಡಿದ್ದಲ್ಲ ಅಂತ ನನಗೆ ಹೊಳೆದದ್ದು ಅಲ್ಲಿ. ಪ್ರತಿ ಮೊಳೆಗೂ ತನ್ನದೇ ಒಂದು ಚೌಕ ಸೀಸ. ಒಂದು ಇನ್ನೊಂದರ ಹೊಟ್ಟೆಯೊಳಗೆ ನುಗ್ಗೋಕೆ ಆಗಲ್ಲ, ಅಷ್ಟೇ.

ಆಮೇಲೆ ಏನೇ ಹಳೆಯದು ಇಷ್ಟವಾದರೂ ಇದನ್ನು ಹೇಗೆ ಮಾಡಿರಬಹುದು ಅಂತಲೇ ಮೊದಲು ಯೋಚನೆ. ದೂರದರ್ಶನದ ಆ ಸುತ್ತುವ ಚಿಹ್ನೆ ನೆನಪಿದೆಯಲ್ವಾ? ಅಹಮದಾಬಾದಿನ ಡಿಸೈನ್ ಸಂಸ್ಥೆ ಎನ್‌ಐಡಿಯಲ್ಲಿ ಓದುತ್ತಿದ್ದ ದೇವಾಶಿಸ್ ಭಟ್ಟಾಚಾರ್ಯ ಬರೆದದ್ದು. ದೂರದರ್ಶನ ಆಕಾಶವಾಣಿಯಿಂದ ಬೇರೆಯಾದದ್ದು 1976ರಲ್ಲಿ. ಆಗ ಕಂಪ್ಯೂಟರ್ ಎಲ್ಲಿತ್ತು? ಎನ್‌ಐಡಿಯ ಆರ್. ಎಲ್. ಮಿಸ್ತ್ರಿ ಚಿತ್ರದ ಪ್ರತಿಗಳನ್ನು ಕ್ಯಾಮೆರಾ ಕೆಳಗಿಟ್ಟು ತಿರುಗಿಸಿ ತಿರುಗಿಸಿ ಚಿತ್ರೀಕರಿಸಿದರು. ಮೇಷ್ಟ್ರು ಇದನ್ನು ಹೇಳಿದ ಮೇಲೆ ನಾವು ಹಾಸ್ಟೆಲಿನಲ್ಲಿ ಟ್ರೇಸಿಂಗ್ ಪೇಪರ್, ಟೇಬಲ್ ಲ್ಯಾಂಪು, ಯಾರದೋ ಡಿಜಿಟಲ್ ಕ್ಯಾಮೆರಾ ಇಟ್ಟುಕೊಂಡು ‘ಅ’ ಅಕ್ಷರವನ್ನು ಸುತ್ತಿಸುತ್ತಾ ಕೂತಿದ್ದೆವು. ವಾರ್ಡನ್ ಬಂದು ಲೈಟ್ ಆರಿಸಿ ಹೋದರು. ನನ್ನ ಮೋಷನ್ ಗ್ರಾಫಿಕ್ಸ್, ಅಂದರೆ ಅಕ್ಷರ, ಚಿತ್ರಗಳನ್ನು ಓಡಾಡಿಸುವ ಕೆಲಸ, ಶುರುವಾದದ್ದು ಹೀಗೆ.

ಕೆಲಸಕ್ಕೆ ಸೇರಿದ ಮೇಲೆ ಇದೇ ಅಭ್ಯಾಸ ಅನ್ನ ಹಾಕಿತು. ಒಂದು ಟಿವಿ ಚಾನೆಲ್‌ಗೆ ಟೈಟಲ್ ಮಾಡುತ್ತಿದ್ದೆ. ಇಂಥ ಟೈಟಲ್ ಮಾಡುವ ಸಾಫ್ಟ್‌ವೇರ್ ಆಫ್ಟರ್ ಎಫೆಕ್ಟ್ಸ್‌ಗೆ ಆಗ ಯುನಿಕೋಡ್ ಕನ್ನಡ, ಅಂದರೆ ಈಗ ಎಲ್ಲೆಡೆ ಬಳಸುವ ಸಂಕೇತದ ಕನ್ನಡ, ಆಗುತ್ತಿರಲಿಲ್ಲ. ‘ರಾಷ್ಟ್ರ’ ಅಂತ ಹಾಕಿದರೆ ಷ ಒಂದು ಕಡೆ, ಟ ಒಂದು ಕಡೆ, ನಡುವೆ ಸುಮ್ನೆ ಒಂದು ಅರ್ಧಾಕ್ಷರ. ಎಲ್ಲರೂ ‘ನುಡಿ’ ಸಾಫ್ಟ್‌ವೇರಿನ ಹಳೆ ಫಾಂಟಿಗೆ ಹೋಗಿ, ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಟೈಪ್ ಮಾಡಿ, ಚಿತ್ರ ಮಾಡಿ ತರುತ್ತಿದ್ದರು. ಅದರಲ್ಲೂ ಅಕ್ಷರ ಒಂದೊಂದಾಗಿ ಬರಲಿ ಅಂದರೆ ಒತ್ತು ಮೂಲಾಕ್ಷರವನ್ನು ಬಿಟ್ಟು ಒಂಟಿಯಾಗಿ ಹಾರಿಬರುತ್ತಿತ್ತು. ನಾನು ಪ್ರತಿ ಅಕ್ಷರವನ್ನೂ ಗೆರೆಯಾಗಿ ಬಿಡಿಸಿ, ಕೈ ಬರೆಯುವ ಕ್ರಮದಲ್ಲೇ ಓಡಿಸಿದೆ. ಮೊದಲು ಹೊಟ್ಟೆ, ಆಮೇಲೆ ತಲೆಕಟ್ಟು, ಕೊನೆಗೆ ಒತ್ತು. ತಲೆಕಟ್ಟು ಟಕ್ ಅಂತ ಕೂರುವಾಗ ಎರಡು ಫ್ರೇಮ್ ತಡ ಮಾಡಿದರೆ ಬರೆದಂತೆ ಕಾಣುತ್ತದೆ, ಮಾಡದಿದ್ದರೆ ಮಷೀನು ಕಕ್ಕಿದಂತೆ.

ರೆಟ್ರೋ ಅಂತ ಈಗ ನಡೆಯುವುದು ನನಗೆ ಅಷ್ಟು ಹಿಡಿಸಲ್ಲ, ಹೇಳಿಬಿಡುತ್ತೇನೆ. ಹಳದಿ ಕಾಗದದ ಟೆಕ್ಸ್ಚರ್, ಮೇಲೊಂದಿಷ್ಟು ಗ್ರೇನ್, ಮುಗೀತು. ನಿಜವಾದ ಹಳೆಯದು ಹೇಗಿರುತ್ತದೆ ಅಂತ ಬೇಕಾದರೆ ಎಚ್‌ಎಂಟಿ ಜನತಾ ವಾಚಿನ ಡಯಲ್ ನೋಡಿ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲೇ ಶುರುವಾದ ಕಾರ್ಖಾನೆ ಅವರದು. ಬಿಳಿ ಮುಖ, ತೆಳು ಗೀಟುಗಳು, ‘17 ಜ್ಯುವೆಲ್ಸ್’, ‘ಪ್ಯಾರಾ ಶಾಕ್’, ಅಷ್ಟೇ. ಸಂಡೇ ಬಜಾರಿನಲ್ಲಿ ಇಂಥವು ರಾಶಿ ಸಿಗುತ್ತವೆ, ಆದರೆ ಜಾಸ್ತಿ ಮರುಬಣ್ಣ ಹಚ್ಚಿದವು. ಅಸಲಿ ಯಾವುದು ಅಂತ ನಾನು ಗುರುತಿಸುವುದು ಅಕ್ಷರದಿಂದಲೇ. ಡಯಲ್ ಮುದ್ರಿಸುವಾಗ ಕೊರೆದ ತಗಡಿನಿಂದ ಮೆತ್ತನೆ ಪ್ಯಾಡಿನಲ್ಲಿ ಮಸಿ ಎತ್ತಿ ಒತ್ತುತ್ತಾರೆ. ತಗಡು ಚೆನ್ನಾಗಿದ್ದರೆ ಭೂತಗನ್ನಡಿಯಲ್ಲೂ ಅಂಚು ಚೂಪಾಗಿರುತ್ತದೆ. ನಕಲಿಯಲ್ಲಿ ‘ಎಂ’ ಅಕ್ಷರದ ಮೂಲೆಗಳಲ್ಲಿ ಮಸಿ ತುಂಬಿರುತ್ತದೆ, ಸಾಲು ಕೂಡ ಒಂದು ಕೂದಲೆಳೆ ವಾಲಿರುತ್ತದೆ. ಅಂಗಡಿಯವನು ನನ್ನನ್ನು ನೋಡಿದರೆ ಈಗ ಒಳ್ಳೆಯದನ್ನೇ ಮೊದಲು ತೆಗೆಯುತ್ತಾನೆ, ರೇಟು ಮಾತ್ರ ಇಳಿಸಲ್ಲ. ಜಾಲಹಳ್ಳಿಯಲ್ಲಿ ಎಚ್‌ಎಂಟಿಯದೇ ಮ್ಯೂಸಿಯಂ ಇದೆ. ಡಿಸೈನ್ ಓದುವವರು ಒಂದು ಇಡೀ ದಿನ ಇಟ್ಟುಕೊಂಡು ಹೋಗಿ.

ಜೂನಿಯರ್‌ಗಳಿಗೆ ಒಂದು ಹೋಂವರ್ಕ್. 2022ರಲ್ಲಿ ಬಂದ ಅನೇಕ್ ಕನ್ನಡ ಫಾಂಟು ಉಚಿತವಾಗಿ ಸಿಗುತ್ತದೆ, ಫಾಂಟು ಮಾಡುವ ಏಕ್ ಟೈಪ್‌ನವರದು. ಅದರ ದಪ್ಪ, ಅಗಲ ಎರಡನ್ನೂ ಒಂದು ಮಿತಿಯೊಳಗೆ ಬೇಕಾದಷ್ಟು ಎಳೆಯಬಹುದು, ಅಂದರೆ ಅನಿಮೇಟ್ ಕೂಡ ಮಾಡಬಹುದು. ‘ಸ್ತ್ರೀ’ ಅಂತ ಟೈಪ್ ಮಾಡಿ, ತೀರಾ ಕಿರಿದಿನಿಂದ ತೀರಾ ಅಗಲಕ್ಕೆ ನಿಧಾನವಾಗಿ ಓಡಿಸಿ. ಸ ಹಿಗ್ಗುವಾಗ ಕೆಳಗಿನ ತ ಒತ್ತು ಏನು ಮಾಡುತ್ತದೆ, ದೀರ್ಘ ಎಲ್ಲಿಗೆ ಸರಿಯುತ್ತದೆ, ಫ್ರೇಮ್ ಫ್ರೇಮ್ ನಿಲ್ಲಿಸಿ ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಮುಂದಿನ ಸಲ ಕಾಲೇಜಿಗೆ ಬಂದಾಗ ನೋಡುತ್ತೇನೆ. ಪ್ರಿಂಟೌಟ್ ಬೇಡ, ಸ್ಕೆಚ್‌ಬುಕ್ಕೇ ತನ್ನಿ.