ಹನ್ನೆರಡು ಮಿಲಿಮೀಟರ್ ಹಳಿ ಮನೆಗೆ ಬಂತು

ಮಾದರಿ ರೈಲಿನ ಹವ್ಯಾಸವಿರುವ ನಾವು ಐವರು ಎರಡು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರಿ, ಆ ನಡುವೆ ಕೊಂಡದ್ದನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂರುತ್ತೇವೆ. ಕಳೆದ ಭಾನುವಾರದ ಸರದಿ ಮೈಸೂರಿನ ನಮ್ಮ ಮನೆಯದಾಗಿತ್ತು. ಈ ಕೂಟಕ್ಕೆ ನಾವೇ ಮಾಡಿಕೊಂಡ ಎರಡು ಕಟ್ಟುಪಾಡುಗಳಿವೆ. ತಂದ ವಸ್ತುವಿನ ಅಂಗಡಿ ಬೆಲೆ, ಅಂಚೆ ವೆಚ್ಚ, ಸುಂಕ ಮೂರನ್ನೂ ಬೇರೆ ಬೇರೆಯಾಗಿ ಬರೆದು ಪೆಟ್ಟಿಗೆಯ ಪಕ್ಕದಲ್ಲಿಡಬೇಕು ಎಂಬುದು ಮೊದಲನೆಯದು. ಹಳಿಯ ಮೇಲೆ ಓಡಿಸಿ ನೋಡುವವರೆಗೆ ಯಾರೂ ಅದನ್ನು ಹೊಗಳಬಾರದು ಎಂಬುದು ಎರಡನೆಯದು. ಇಂಥ ವಸ್ತುಗಳನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳುವ ಅವಕಾಶ ನಮಗೆ ಸಿಗುವುದು ತೀರ ಕಡಿಮೆ. ಚಿತ್ರ ನೋಡಿ ಹಣ ಕಳಿಸಿ, ವಾರಗಟ್ಟಲೆ ಕಾದು, ಬಂದ ಮೇಲೆ ಅದರ ಗುಣದೋಷಗಳನ್ನು ತಿಳಿಯುವವರಿಗೆ, ಮೊದಲು ಕೊಂಡ ಒಬ್ಬ ಗೆಳೆಯನ ಪ್ರಾಮಾಣಿಕವಾದ ಮಾತಿಗಿಂತ ದೊಡ್ಡ ಆಧಾರ ಬೇರೆ ಇಲ್ಲ. ಈ ಬರಹವನ್ನೂ ಅದೇ ಕಟ್ಟುಪಾಡಿಗೆ ಒಳಪಟ್ಟು ಬರೆಯುತ್ತಿದ್ದೇನೆ.

ಬೆಂಗಳೂರಿನ ಗೆಳೆಯರು ತಂದಿದ್ದು ಎಚ್‌ಒ ಅಳತೆಯ ಮೂರು ಎಲ್‌ಎಚ್‌ಬಿ ಬೋಗಿಗಳನ್ನು, ಎಂದರೆ ನಮ್ಮ ರೈಲ್ವೆಯ ಹೊಸ ಬಗೆಯ ಪ್ರಯಾಣಿಕರ ಬೋಗಿಗಳ ಮಾದರಿಗಳನ್ನು. ಎಚ್‌ಒ ಎಂದರೆ ನಿಜವಾದ ರೈಲಿನ 87ನೆಯ ಒಂದು ಭಾಗ. ಎಲ್‌ಎಚ್‌ಬಿ ಬೋಗಿ 23.54 ಮೀಟರ್ ಉದ್ದವಿರುವುದರಿಂದ ಅದರ ಮಾದರಿ ಸುಮಾರು 27 ಸೆಂಟಿಮೀಟರ್ ಆಗುತ್ತದೆ, ಮತ್ತು 22 ಬೋಗಿಗಳ ಪೂರ್ಣ ಗಾಡಿಯನ್ನು ಕಟ್ಟಲು ಹೊರಟರೆ ಇಂಜಿನ್ನಿನ ಲೆಕ್ಕ ಬಿಟ್ಟೇ ಆರು ಮೀಟರಿನಷ್ಟು ನೇರ ಜಾಗ ಬೇಕಾಗುತ್ತದೆ. ಗೆಳೆಯರ ಕೋಣೆಯ ಉದ್ದವೇ ಮೂರೂವರೆ ಮೀಟರ್. ಬಣ್ಣ, ಕಿಟಕಿಯ ಗಾಜು, ಛಾವಣಿಯ ಎ.ಸಿ. ಪೆಟ್ಟಿಗೆಗಳ ಕೆಲಸ ಎಲ್ಲವೂ ಅಚ್ಚುಕಟ್ಟಾಗಿವೆ. ಆದರೆ ಅವರ ಮೇಜಿನ ಮೇಲಿರುವ 36 ಸೆಂಟಿಮೀಟರ್ ತ್ರಿಜ್ಯದ ತಿರುವಿನಲ್ಲಿ ಈ ಬೋಗಿಗಳು ಒಂದನ್ನೊಂದು ಹಳಿಯಿಂದ ಹೊರಕ್ಕೆ ತಳ್ಳುತ್ತವೆ. ತಿರುವಿನ ತ್ರಿಜ್ಯವು ಅತಿ ಉದ್ದದ ಬೋಗಿಯ ಎರಡೂವರೆಯಿಂದ ಮೂರು ಪಟ್ಟು ಇರಬೇಕು ಎಂಬುದು ಅನುಭವಿಗಳ ಲೆಕ್ಕಾಚಾರ. ಆ ಲೆಕ್ಕದಲ್ಲಿ ಇವಕ್ಕೆ 68 ಸೆಂಟಿಮೀಟರಿಗೆ ಕಡಿಮೆಯಿಲ್ಲದ ತಿರುವು ಬೇಕು, ಅಂದರೆ ಗಾಡಿ ಒಂದು ಸುತ್ತು ಬರಬೇಕಾದರೆ ಒಂದೂವರೆ ಮೀಟರ್ ಅಗಲದ ಹಲಗೆ ಬೇಕು. ಅವರು ಬೋಗಿಗಳನ್ನು ಇಟ್ಟುಕೊಂಡು ತಿರುವನ್ನೇ ಬದಲಿಸಲು ನಿರ್ಧರಿಸಿದ್ದಾರೆ. ಅದು ಸರಿಯಾದ ತೀರ್ಮಾನ ಎಂದೇ ನನ್ನ ಅಭಿಪ್ರಾಯ.

ಆ ಬೋಗಿಗಳನ್ನು ನೋಡುತ್ತಿರುವಾಗಲೇ ನನ್ನ ಖರೀದಿಯ ಕಾರಣವನ್ನು ವಿವರಿಸಲು ಅನುಕೂಲವಾಯಿತು. ಎಚ್‌ಒ ಹಳಿಯ ಅಗಲ, ಎಂದರೆ ಎರಡು ಕಂಬಿಗಳ ನಡುವಿನ ಅಂತರವಾದ ಗೇಜ್, 16.5 ಮಿಲಿಮೀಟರ್. ಯುರೋಪ್ ಮತ್ತು ಅಮೆರಿಕಗಳಲ್ಲಿ ಬಳಕೆಯಲ್ಲಿರುವ 1435 ಮಿಲಿಮೀಟರ್ ಗೇಜನ್ನು 87ರಿಂದ ಭಾಗಿಸಿದರೆ ಬರುವುದು ಇದೇ ಅಳತೆ. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್; ಅದರ ನಿಜವಾದ ಮಾದರಿ 19.3 ಮಿಲಿಮೀಟರ್ ಅಗಲದ ಹಳಿಯ ಮೇಲೆ ನಿಲ್ಲಬೇಕು. ಆ ಅಳತೆಯ ಹಳಿ ಅಂಗಡಿಗಳಲ್ಲಿ ಸಿದ್ಧವಾಗಿ ಸಿಗುವುದಿಲ್ಲವಾದ್ದರಿಂದ ಭಾರತದ ರೈಲುಗಳ ಮಾದರಿ ಮಾಡುವವರು 16.5 ಮಿಲಿಮೀಟರ್ ಹಳಿಗೇ ಒಗ್ಗಿಕೊಂಡಿದ್ದಾರೆ. ಪಕ್ಕದಿಂದ ನೋಡಿದಾಗ ವ್ಯತ್ಯಾಸ ತಿಳಿಯದು. ಎದುರಿನಿಂದ ನೋಡಿದಾಗ ಮಾತ್ರ ವಿಶಾಲವಾದ ಬೋಗಿಯೊಂದು ಕಾಲುಗಳನ್ನು ಒತ್ತಿಕೊಂಡು ನಿಂತಂತೆ ಕಾಣುತ್ತದೆ, ಮತ್ತು ಒಮ್ಮೆ ಕಂಡ ಮೇಲೆ ಕಣ್ಣು ಅದನ್ನು ಮರೆಯುವುದಿಲ್ಲ. ಮೀಟರ್ ಗೇಜಿನ ಸಂಗತಿ ಬೇರೆ. ಒಂದು ಸಾವಿರ ಮಿಲಿಮೀಟರನ್ನು 87ರಿಂದ ಭಾಗಿಸಿದರೆ 11.5 ಬರುತ್ತದೆ, ಸ್ವಿಟ್ಜರ್ಲೆಂಡಿನ ಮೀಟರ್ ಗೇಜ್ ಮಾರ್ಗಗಳ ಅಭಿಮಾನಿಗಳಿಗಾಗಿ ಯುರೋಪಿನಲ್ಲಿ ಎಚ್‌ಒಎಂ ಎಂಬ ಹೆಸರಿನಲ್ಲಿ ತಯಾರಾಗುವ ಹಳಿಯ ಅಗಲ 12 ಮಿಲಿಮೀಟರ್. ಅರ್ಧ ಮಿಲಿಮೀಟರಿನ ವ್ಯತ್ಯಾಸ ಮಾತ್ರ. ಹೀಗಾಗಿ ಇಂದು ನಮ್ಮ ಊರುಗಳಿಂದ ಕಣ್ಮರೆಯಾಗಿರುವ ಮೀಟರ್ ಗೇಜನ್ನು ಮೇಜಿನ ಮೇಲೆ ತರುವುದು, ಕಣ್ಣ ಮುಂದಿರುವ ಬ್ರಾಡ್ ಗೇಜನ್ನು ತರುವುದಕ್ಕಿಂತ ಹೆಚ್ಚು ನಿಖರವಾಗಿ ಸಾಧ್ಯವಾಗುತ್ತದೆ.

ನಾನು ಸಾಗರದಲ್ಲಿ ಬೆಳೆದವನು. ಶಿವಮೊಗ್ಗದಿಂದ ಕುಂಸಿ, ಅರಸಾಳು, ಆನಂದಪುರ, ಸಾಗರ ಜಂಬಗಾರು ದಾಟಿ ತಾಳಗುಪ್ಪದಲ್ಲಿ ಮುಗಿಯುತ್ತಿದ್ದ ಮೀಟರ್ ಗೇಜ್ ಮಾರ್ಗದಲ್ಲಿ ಮುಂದೆ ಎಳೆಯುವ ಬೇರೆ ಇಂಜಿನ್ ಇಲ್ಲದೆ, ಬಸ್ಸಿನಂತೆ ತಾನೇ ಓಡುವ ರೈಲ್‌ಬಸ್ ಓಡಾಡುತ್ತಿತ್ತು. ಆ ಮಾರ್ಗ ಬ್ರಾಡ್ ಗೇಜ್ ಆಗಿ, ತಾಳಗುಪ್ಪದಿಂದ ಮೈಸೂರಿಗೂ ಬೆಂಗಳೂರಿಗೂ ನೇರ ರೈಲು ಸಿಗುವಂತಾಗಿರುವುದು ಮಲೆನಾಡಿಗೆ ಆದ ದೊಡ್ಡ ಉಪಕಾರ. ಆದರೂ ಅಜ್ಜನ ಕೈ ಹಿಡಿದು ಆ ಒಂಟಿ ಬಂಡಿಯನ್ನು ಹತ್ತಿದ ನೆನಪು ನನ್ನನ್ನು ಬಿಟ್ಟಿಲ್ಲ. ಮಾದರಿ ಮಾಡುವವನ ದೃಷ್ಟಿಯಿಂದ ನೋಡಿದರೂ ತಾಳಗುಪ್ಪ ಬಹಳ ಒಳ್ಳೆಯ ಆಯ್ಕೆ. ಅದು ಮಾರ್ಗದ ಕೊನೆಯ ನಿಲ್ದಾಣವಾದ್ದರಿಂದ ಹಳಿ ದುಂಡಗೆ ಸುತ್ತಿ ಬರಬೇಕಾಗಿಲ್ಲ. ಓಡುವುದು ಒಂದೇ ಬಂಡಿಯಾದ್ದರಿಂದ ಉದ್ದನೆಯ ಪ್ಲಾಟ್‌ಫಾರಂ ಬೇಕಾಗಿಲ್ಲ. ಪುಸ್ತಕದ ಕಪಾಟಿನ ಮೇಲೆ ಗೋಡೆಗೆ ಒರಗಿಸಿದ ಮೂರು ಮೀಟರ್ ಉದ್ದ, ಒಂದೂವರೆ ಅಡಿ ಅಗಲದ ಹಲಗೆ ಸಾಕು.

ನಾನು ತರಿಸಿದ್ದು ಪೆಕೊ ಸಂಸ್ಥೆಯ ಎಚ್‌ಒಎಂ ಬಾಗುಹಳಿ, ಎಂದರೆ ಬೇಕಾದಂತೆ ಬಗ್ಗಿಸಿ ಹಾಸಬಹುದಾದ ಹಳಿ, ಐದು ತುಂಡು. ಇಂಗ್ಲೆಂಡಿನ ಡೆವನ್ ಪ್ರಾಂತದ ಬಿಯರ್ ಎಂಬ ಹಳ್ಳಿಯಲ್ಲಿರುವ ಈ ಸಂಸ್ಥೆಯ ಹಳಿ ನಮ್ಮ ಹವ್ಯಾಸದಲ್ಲಿರುವವರಿಗೆಲ್ಲ ಪರಿಚಿತ. ಒಂದೊಂದು ತುಂಡಿನ ಉದ್ದ ಒಂದು ಗಜ, ಎಂದರೆ 914 ಮಿಲಿಮೀಟರ್. ಇಷ್ಟು ಉದ್ದದ ವಸ್ತು ಸೂಟ್‌ಕೇಸಿನಲ್ಲಿ ಹಿಡಿಸದು. ರಜೆಗೆ ಊರಿಗೆ ಬಂದ ಅಕ್ಕನ ಮಗ ತನ್ನ ಕ್ರಿಕೆಟ್ ಚೀಲದಲ್ಲಿ ಬ್ಯಾಟಿನ ಪಕ್ಕಕ್ಕೆ ಅವನ್ನು ರಟ್ಟಿನ ನಡುವೆ ಕಟ್ಟಿ ಇಟ್ಟುಕೊಂಡು ತಂದ. ಕಂಬಿಗಳ ಕೆಳಗಿನ ಅಡ್ಡಪಟ್ಟಿಗಳಲ್ಲಿ, ಎಂದರೆ ಸ್ಲೀಪರುಗಳಲ್ಲಿ, ಒಂದು ಕೂಡ ಮುರಿದಿರಲಿಲ್ಲ. ಅಂಚೆಯಲ್ಲಿ ತರಿಸದೆ ಹೀಗೆ ಕಾದದ್ದಕ್ಕೆ ಕಾರಣವಿದೆ. ಸುಂಕದ ಪಟ್ಟಿಯಲ್ಲಿ ಮಾದರಿ ರೈಲುಗಳು ಆಟಿಕೆಗಳ ಜೊತೆಯಲ್ಲೇ ಬರುತ್ತವೆ. ಆಟಿಕೆಗಳ ಮೂಲ ಆಮದು ಸುಂಕವನ್ನು 2020ರ ಬಜೆಟ್ಟಿನಲ್ಲಿ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಲಾಯಿತು, ಮತ್ತು ಅದರ ಮೇಲೆ ಜಿಎಸ್‌ಟಿ ಬೇರೆ ಸೇರುತ್ತದೆ. ದೇಶದ ಆಟಿಕೆ ಉದ್ಯಮಕ್ಕೆ ನೆರವಾಗಲೆಂದು ಬಂದ ನಿಯಮ ಇದು. ಚನ್ನಪಟ್ಟಣದ ಬೊಂಬೆಗಳ ನಾಡಿನವನಾಗಿ ಆ ಉದ್ದೇಶವನ್ನು ನಾನು ಗೌರವಿಸುತ್ತೇನೆ. ಆದರೆ ಹನ್ನೆರಡು ಮಿಲಿಮೀಟರ್ ಹಳಿಯನ್ನು ಇಲ್ಲಿ ಕೊಳ್ಳೋಣವೆಂದರೆ ಮಾಡುವವರನ್ನು ನಾನು ಇನ್ನೂ ಕಂಡಿಲ್ಲ.

ಈ ಹಳಿಯ ವಿಷಯದಲ್ಲಿ ಮೇಜಿನ ಸುತ್ತ ಸಾಕಷ್ಟು ಚರ್ಚೆಯಾಯಿತು. ಟಿಟಿ ಎಂಬ, 120ನೆಯ ಒಂದು ಭಾಗದ ಅಳತೆಯ ಮಾದರಿಗಳೂ 12 ಮಿಲಿಮೀಟರ್ ಹಳಿಯ ಮೇಲೆಯೇ ಓಡುತ್ತವೆ. 2022ರಲ್ಲಿ ಹಾರ್ನ್‌ಬಿ ಸಂಸ್ಥೆ ಆ ಅಳತೆಗೆ ಕಾಲಿಟ್ಟ ಮೇಲೆ ಅದರ ಹಳಿಯೂ ಇಂಜಿನ್ನುಗಳೂ ಮೊದಲಿಗಿಂತ ಸುಲಭವಾಗಿ ಸಿಗುತ್ತಿವೆ. ಹಾಗಿರುವಾಗ ಎಚ್‌ಒಎಂ ಹಳಿಗೇ ಏಕೆ ಅಂಟಿಕೊಳ್ಳಬೇಕು ಎಂಬುದು ಹಾಸನದ ಗೆಳೆಯರ ಪ್ರಶ್ನೆ. ಅಗಲ ಒಂದೇ ಆದರೂ ಸ್ಲೀಪರುಗಳ ಅಂತರ ಒಂದೇ ಅಲ್ಲ. ಟಿಟಿ ಹಳಿ 1435 ಮಿಲಿಮೀಟರಿನ ಮುಖ್ಯ ಮಾರ್ಗದ ಕಿರುರೂಪವಾದ್ದರಿಂದ ಅದರ ಸ್ಲೀಪರುಗಳು ಒತ್ತೊತ್ತಾಗಿರುತ್ತವೆ. ಎಚ್‌ಒಎಂ ಹಳಿಯಲ್ಲಿ ಅವು ಮೀಟರ್ ಗೇಜಿಗೆ ಹೊಂದುವಂತೆ ದೂರ ದೂರ ಇರುತ್ತವೆ. ನಮ್ಮ ಮೀಟರ್ ಗೇಜಿನ ಮರದ ಸ್ಲೀಪರ್ ಆರು ಅಡಿ ಉದ್ದವಿರುತ್ತಿತ್ತು, ಮಾದರಿಯಲ್ಲಿ ಅದು 21 ಮಿಲಿಮೀಟರ್. ಟಿಟಿ ಹಳಿಯ ಕೆಳಗಿನ ಪ್ಲಾಸ್ಟಿಕ್ ಕೊಂಡಿಗಳನ್ನು ಬ್ಲೇಡಿನಿಂದ ಕತ್ತರಿಸಿ, ಸ್ಲೀಪರುಗಳನ್ನು ಒಂದೊಂದಾಗಿ ಸರಿಸಿಕೊಂಡರೂ ಕೆಲಸ ಆಗುತ್ತದೆ ಎಂದು ಅವರು ಹೇಳಿದ್ದು ಉಪಯುಕ್ತ ಸಲಹೆ. ನೋಡುವವರ ಕಣ್ಣಿಗೆ ಬೀಳದ ಹಿಂಬದಿಯ ಹಳಿಗೆ ಟಿಟಿಯನ್ನೂ, ನಿಲ್ದಾಣದ ಮುಂದೆ ಎಚ್‌ಒಎಂ ಹಳಿಯನ್ನೂ ಹಾಸುವುದೆಂದು ಒಪ್ಪಿಕೊಂಡೆ. ನನ್ನ ಹಳಿಯಲ್ಲೂ ಒಂದು ಕೊರತೆ ಇದೆ. ಅದರ ಎತ್ತರ 1.9 ಮಿಲಿಮೀಟರ್; 87ರಿಂದ ಗುಣಿಸಿದರೆ ಹದಿನಾರೂವರೆ ಸೆಂಟಿಮೀಟರ್ ಆಗುತ್ತದೆ. ಶಾಖಾ ಮಾರ್ಗದ ಹಗುರವಾದ ಹಳಿ ಅಷ್ಟು ಎತ್ತರ ಇರಲಿಲ್ಲ. ಬದಿಗೆ ತುಕ್ಕಿನ ಬಣ್ಣ ಬಳಿದು, ಜಲ್ಲಿಯನ್ನು ಸ್ವಲ್ಪ ಮೇಲಕ್ಕೆ ತುಂಬಿದರೆ ಕಣ್ಣಿಗೆ ಅಷ್ಟಾಗಿ ರಾಚದು ಎಂದುಕೊಂಡಿದ್ದೇನೆ.

ಎರಡನೆಯ ಖರೀದಿ ಇಷ್ಟು ಸುಖಕರವಾಗಿರಲಿಲ್ಲ. ನಾನು ಮಾಡಲಿರುವ ರೈಲ್‌ಬಸ್ ಮಾದರಿಯ ಕೆಳಗೆ ಕೂರಿಸಲೆಂದು ಟಿಟಿ ಅಳತೆಯ, ಎರಡು ಆಕ್ಸಲ್‌ಗಳ ಹಳೆಯ ಷಂಟಿಂಗ್ ಇಂಜಿನ್ನೊಂದನ್ನು (ನಿಲ್ದಾಣದಲ್ಲಿ ಬೋಗಿಗಳನ್ನು ಜೋಡಿಸುವ ಚಿಕ್ಕ ಇಂಜಿನ್) ಸೆಕೆಂಡ್ ಹ್ಯಾಂಡ್ ಆಗಿ ಕೊಂಡೆ. ಚೆನ್ನಾಗಿ ಓಡುತ್ತದೆ ಎಂದು ಮಾರಿದವರು ಬರೆದಿದ್ದರು. ಹಳಿಯ ಮೇಲಿಟ್ಟು ಕರೆಂಟ್ ಕೊಟ್ಟಾಗ ಓಡಿತು, ಆದರೆ ಚಕ್ರ ಒಂದು ಸುತ್ತು ಬಂದಾಗಲೆಲ್ಲ ಒಮ್ಮೆ ಟಕ್ ಎಂದು ಎಗರುತ್ತಿತ್ತು. ಇದು ಹಳೆಯ ಇಂಜಿನ್ನುಗಳಿಗೆ ಬರುವ ಸಾಮಾನ್ಯ ರೋಗ. ಉಕ್ಕಿನ ಆಕ್ಸಲ್‌ಗೆ ಬಿಗಿಯಾಗಿ ತೊಡಿಸಿದ ಪ್ಲಾಸ್ಟಿಕ್ ಗೇರು ವರ್ಷಗಳು ಕಳೆದಂತೆ ಕುಗ್ಗಿ, ಎರಡು ಹಲ್ಲುಗಳ ನಡುವೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಆ ಜಾಗದಲ್ಲಿ ಹಲ್ಲುಗಳ ಅಂತರ ಹೆಚ್ಚಾಗಿ ಮುಂದಿನ ಗೇರು ಅದಕ್ಕೆ ಎಡವುತ್ತದೆ. ಅಂಟು ಹಚ್ಚಿದರೆ ಬಿರುಕು ಮುಚ್ಚಬಹುದು, ಅಂತರ ಮೊದಲಿನಂತಾಗುವುದಿಲ್ಲ. ಹೊಸ ಗೇರೇ ಬೇಕು. ಹಾಸನದ ಗೆಳೆಯರ ಡಬ್ಬಿಯಲ್ಲಿ ಅಷ್ಟೇ ಹಲ್ಲುಗಳ ಗೇರೊಂದು ಸಿಕ್ಕಿದ್ದು ನನ್ನ ಪುಣ್ಯ. ಸೆಕೆಂಡ್ ಹ್ಯಾಂಡ್ ಇಂಜಿನ್ ಕೊಳ್ಳುವವರು ದಯವಿಟ್ಟು ಅದು ಅತಿ ನಿಧಾನವಾಗಿ ಓಡುವ ವೀಡಿಯೊವನ್ನೇ ಕೇಳಿ ಪಡೆಯಿರಿ. ವೇಗವಾಗಿ ಓಡುವಾಗ ಈ ದೋಷ ಕಾಣಿಸುವುದೇ ಇಲ್ಲ.

ಉಳಿದ ಖರೀದಿಗಳಲ್ಲಿ ನನ್ನ ಮನಸ್ಸನ್ನು ಗೆದ್ದದ್ದು ಹಾಸನದ ಗೆಳೆಯರು ತಂದ ಶಬ್ದದ ಡಿಕೋಡರ್, ಎಂದರೆ ಮಾದರಿ ಇಂಜಿನ್ನಿನೊಳಗೆ ಕೂತು ನಿಜವಾದ ಇಂಜಿನ್ನಿನ ಸದ್ದು ಹೊರಡಿಸುವ ಸರ್ಕೀಟು. ಅಮೆರಿಕದ ಸೌಂಡ್‌ಟ್ರ್ಯಾಕ್ಸ್ ಸಂಸ್ಥೆಯ ಸುನಾಮಿ-2 ಸರಣಿಯಲ್ಲಿ ಆಲ್ಕೊ ಡೀಸೆಲ್ ಇಂಜಿನ್ನುಗಳಿಗೆಂದೇ ಒಂದು ಮಾದರಿ ಇದೆ. ನಮ್ಮ ರೈಲ್ವೆಯ ಡಬ್ಲ್ಯುಡಿಎಂ-2 ಡೀಸೆಲ್ ಇಂಜಿನ್ ಮೊದಲು ಬಂದದ್ದೂ 1962ರಲ್ಲಿ ಇದೇ ಆಲ್ಕೊ ಕಂಪನಿಯಿಂದ. ಬಳಿಕ ವಾರಾಣಸಿಯಲ್ಲಿ ತಯಾರಾದವುಗಳ ಒಡಲಲ್ಲೂ ಇದ್ದದ್ದು ಅದರದೇ 251 ಸರಣಿಯ 16 ಸಿಲಿಂಡರ್ ಇಂಜಿನ್. ಹೀಗಾಗಿ ಅಮೆರಿಕದ ಹವ್ಯಾಸಿಗಳಿಗೆಂದು ಮಾಡಿದ ಆ ಪುಟ್ಟ ಸರ್ಕೀಟಿನಲ್ಲಿ ನಮ್ಮ ಬಾಲ್ಯದ ಸದ್ದೇ ಅಡಗಿದೆ. ನಮ್ಮ ಕೂಟದ ಹಿರಿಯರು ಕೃಷ್ಣರಾಜಪುರದ ಡೀಸೆಲ್ ಷೆಡ್ಡಿನಲ್ಲಿ ದುಡಿದು ನಿವೃತ್ತರಾದವರು. ಅವರು ಕಣ್ಣು ಮುಚ್ಚಿಕೊಂಡು ಇಂಜಿನ್ನಿನ ಶಕ್ತಿಯನ್ನು ಏರಿಸುವ ಎಂಟು ಹಂತಗಳಾದ ನಾಚ್‌ಗಳನ್ನೂ ಒಂದೊಂದಾಗಿ ಕೇಳಿ, ಐದನೆಯದರಿಂದ ಮೇಲಕ್ಕೆ ಟರ್ಬೊದ ಸಿಳ್ಳು ಸರಿಯಾಗಿದೆ ಎಂದರು. ಹಾರನ್ ಮಾತ್ರ ನಮ್ಮದಲ್ಲ ಎಂದೂ ಸೇರಿಸಿದರು.

ಇನ್ನೊಂದು ವಸ್ತು ಈ ಸಲದ ಅತಿ ಅಗ್ಗದ ಖರೀದಿ. ಕಾರಿನ ಚಕ್ರಗಳ ಬ್ಯಾಲೆನ್ಸಿಂಗ್‌ಗೆ ಟೈರ್ ಅಂಗಡಿಯವರು ಬಳಸುವ, ಹಿಂದೆ ಅಂಟು ಇರುವ ಐದು ಮತ್ತು ಹತ್ತು ಗ್ರಾಮಿನ ತೂಕದ ಬಿಲ್ಲೆಗಳ ಪಟ್ಟಿ ಅದು. ಎಚ್‌ಒ ಬೋಗಿಯ ತೂಕ ಒಂದು ಔನ್ಸ್, ಜೊತೆಗೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್ ಇರಬೇಕು ಎಂಬುದು ಅಮೆರಿಕದ ಮಾದರಿ ರೈಲು ಸಂಘ ಎನ್‌ಎಂಆರ್‌ಎ ಕೊಟ್ಟಿರುವ ಸೂತ್ರ. ಎಲ್‌ಎಚ್‌ಬಿ ಬೋಗಿಗೆ ಇದು ಹತ್ತಿರ ಹತ್ತಿರ 180 ಗ್ರಾಮ್ ಆಗುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ಬೆಂಗಳೂರಿನ ಗೆಳೆಯರ ಬೋಗಿ 128 ಗ್ರಾಮ್ ತೂಗಿತು. ನೆಲಗಟ್ಟಿನ ಒಳಬದಿಗೆ ಹತ್ತು ಗ್ರಾಮಿನ ಐದು ಬಿಲ್ಲೆಗಳನ್ನು ನಡುಗೆರೆಯ ಉದ್ದಕ್ಕೂ ಅಂಟಿಸಿದ ಮೇಲೆ ಅದು ಹಳಿ ಕವಲೊಡೆಯುವ ಪಾಯಿಂಟುಗಳ ಮೇಲೆ ಕುಪ್ಪಳಿಸುವುದನ್ನು ನಿಲ್ಲಿಸಿತು.

ಊಟವಾದ ಮೇಲೆ ನನ್ನ ಇಂಜಿನ್ನಿಗೆ ಹೊಸ ಗೇರು ಹಾಕಿ, ಒಂದು ಗಜದ ಹಳಿಯನ್ನು ಮೇಜಿಗೆ ಟೇಪಿನಿಂದ ಅಂಟಿಸಿ ಓಡಿಸಿದೆವು. ಗಂಟೆಗೆ 30 ಕಿಲೊಮೀಟರ್ ವೇಗವನ್ನು 87ರಿಂದ ಭಾಗಿಸಿದರೆ ಸೆಕೆಂಡಿಗೆ 9.6 ಸೆಂಟಿಮೀಟರ್, ಆ ವೇಗದಲ್ಲಿ ಈ ತುಂಡನ್ನು ದಾಟಲು ಒಂಬತ್ತೂವರೆ ಸೆಕೆಂಡ್ ಬೇಕು. ಮೊದಲ ಓಟ ನಾಲ್ಕೇ ಸೆಕೆಂಡಿನಲ್ಲಿ ಮುಗಿಯಿತು, ಅಂದರೆ ಗಂಟೆಗೆ ಎಪ್ಪತ್ತು ಕಿಲೊಮೀಟರಿಗೂ ಮಿಗಿಲು. ಹಿರಿಯರು ತಲೆಯಾಡಿಸಿ, "ಇದು ತಾಳಗುಪ್ಪದ ಗಾಡಿಯಲ್ಲ ಬಿಡಪ್ಪ" ಎಂದರು. ವೋಲ್ಟೇಜ್ ಇಳಿಸಿ, ಚಕ್ರಗಳಿಂದ ಕರೆಂಟ್ ಎಳೆಯುವ ತಾಮ್ರದ ಪಟ್ಟಿಗಳನ್ನು ಒರೆಸಿ, ಆಕ್ಸಲ್‌ಗಳಿಗೆ ಸೂಜಿಮೊನೆಯಷ್ಟು ಎಣ್ಣೆ ಬಿಟ್ಟ ಮೇಲೆ ಏಳನೆಯ ಓಟಕ್ಕೆ ಹತ್ತು ಸೆಕೆಂಡ್ ಬಂತು, ಎಗರಾಟ ಇರಲಿಲ್ಲ. ಆಗ ಮಾತ್ರ ಹಿರಿಯರು ಚೆನ್ನಾಗಿದೆ ಎಂಬ ಮಾತನ್ನು ಆಡಿದರು.

ಮುಂದಿನ ಕೂಟ ಹಾಸನದಲ್ಲಿ. ಅಷ್ಟರೊಳಗೆ ರೈಲ್‌ಬಸ್ಸಿನ ಹೊರಮೈಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಬೇಕು. ನನ್ನ ಬಳಿ ಇರುವ ಚಿತ್ರಗಳೆಲ್ಲ ಎದುರಿನಿಂದ ತೆಗೆದವು; ಆ ಬಂಡಿಯನ್ನು ಪಕ್ಕದಿಂದ ತೋರಿಸುವ ಹಳೆಯ ಫೋಟೊ ಸಾಗರ, ತಾಳಗುಪ್ಪದ ಕಡೆಯ ಯಾರ ಮನೆಯ ಆಲ್ಬಮ್ಮಿನಲ್ಲಾದರೂ ಇದ್ದರೆ ನೋಡಲು ಕೊಡಿ ಎಂದು ಕೇಳಿಕೊಳ್ಳುತ್ತೇನೆ. ಕಿಟಕಿಗಳು ಎಷ್ಟು, ಬಾಗಿಲು ಎಲ್ಲಿತ್ತು ಎಂಬುದು ತಿಳಿದರೆ ಸಾಕು. ಅಕ್ಕನ ಮಗನಿಗೆ ಎರಡು ಎಡ ಪಾಯಿಂಟು, ಒಂದು ಬಲ ಪಾಯಿಂಟು ಬೇಕೆಂದು ಈಗಾಗಲೇ ಬರೆದು ಕಳಿಸಿದ್ದೇನೆ.