ಬೀಕನ್ ಲಾಗ್: ಒಂಬತ್ತು ನಿಮಿಷದಿಂದ ನಾಲ್ಕೂವರೆಗೆ

ಡಿಸೆಂಬರ್, ಎರಡನೇ ವಾರ

ಡೆನ್ವರ್‌ನಲ್ಲಿ ಇದು ನನ್ನ ಮೂರನೇ ಚಳಿಗಾಲ. ರೆಸಾರ್ಟಿನಲ್ಲಿ ಲಿಫ್ಟ್‌ಗೆ ಕ್ಯೂ ನಿಂತು ಸಾಕಾಗಿ ಸ್ಪ್ಲಿಟ್‌ಬೋರ್ಡ್ ಕೊಂಡೆ. ಹಿಮದ ಮೇಲೆ ಜಾರುವ ಈ ಬೋರ್ಡನ್ನು ಉದ್ದಕ್ಕೆ ಎರಡು ಮಾಡಿ, ಅಡಿಗೆ ಸ್ಕಿನ್ (ಹಿಂದೆ ಜಾರದಂತೆ ಹಿಡಿಯುವ ಪಟ್ಟಿ) ಅಂಟಿಸಿ ಗುಡ್ಡ ಹತ್ತುವುದು. ಮೇಲೆ ಹೋಗಿ ಮತ್ತೆ ಜೋಡಿಸಿ ಇಳಿಯುವುದು. ಗುಡ್ಡದಿಂದ ಹಿಮ ಜಾರಿ ಯಾರಾದರೂ ಹೂತುಹೋದರೆ ಹುಡುಕಲು ಬೀಕನ್ (ಒಂದರ ಸಂಕೇತವನ್ನು ಇನ್ನೊಂದು ಹಿಡಿಯುವ ಪುಟ್ಟ ರೇಡಿಯೋ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಜೊತೆಗೆ ಇರಲೇಬೇಕು.

ಅಭ್ಯಾಸಕ್ಕೆ ಅಂತ ಗೆಳೆಯ ಇನ್ನೊಂದು ಬೀಕನ್ನನ್ನು ಚೀಲಕ್ಕೆ ಹಾಕಿ ಹಿಮದಲ್ಲಿ ಹೂತಿಟ್ಟ. ಹುಡುಕಲು ನನಗೆ ಒಂಬತ್ತು ನಿಮಿಷ ಬೇಕಾಯಿತು! ಪರದೆಯ ಮೇಲೆ ದೂರ ಮೀಟರಿನಲ್ಲಿ 3, ಆಮೇಲೆ 7, ಮತ್ತೆ 4. ಅಂಕಿ ಸುಮ್ನೆ ಕುಣಿಯುತ್ತಿತ್ತು. ನೋಡಿದರೆ ಎದೆಯ ಜೇಬಿನಲ್ಲಿ ಫೋನ್. ಬೀಕನ್ನುಗಳು 457 ಕಿಲೋಹರ್ಟ್ಸ್‌ನಲ್ಲಿ ಮಾತಾಡುತ್ತವೆ, ಹತ್ತಿರದ ಫೋನ್ ಅದನ್ನು ಕೆಡಿಸುತ್ತದೆ. ಹುಡುಕುವಾಗ ಕನಿಷ್ಠ 50 ಸೆಂಟಿಮೀಟರ್ ದೂರ ಇರಬೇಕು. ಇನ್ನೊಂದು ತಪ್ಪು: ಕೊನೆಯ ಮೂರು ಮೀಟರಿನಲ್ಲೂ ನಾನು ನಿಂತೇ ಓಡಾಡುತ್ತಿದ್ದೆ. ಅಲ್ಲಿ ಮಂಡಿಯೂರಿ, ಬೀಕನ್ನನ್ನು ಹಿಮಕ್ಕೆ ತಾಗಿಸಿಕೊಂಡು, ತಿರುಗಿಸದೆ, ನಿಧಾನಕ್ಕೆ ಸರಿಸಬೇಕು.

ಫೋನಿನಲ್ಲಿ ಇದನ್ನೆಲ್ಲ ಅವ್ವನಿಗೆ ಹೇಳಿದರೆ, "ನಮ್ಮ ಬೆಟದೂರಿನ ಹನುಮಂತಪ್ಪ ಹಿಮದಾಗ ಆರು ದಿನಾ ಇದ್ನಲ್ಲೋ" ಅಂದಳು. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಯೋಧರ ಮೇಲೆ ಹಿಮ ಜಾರಿಬಿದ್ದಿತ್ತು. ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕಿದ್ದರು, ಮೂರು ದಿನಕ್ಕೆ ತೀರಿಕೊಂಡರು. ಅವರಿಗೆ ಟೆಂಟಿನೊಳಗೆ ಒಂದಿಷ್ಟು ಗಾಳಿ ಸಿಕ್ಕಿತ್ತು ಅಂತ ಆಗ ವರದಿಯಾಗಿತ್ತು. ಸ್ಕೀ ಮಾಡುವವರಿಗೆ ಆ ಭಾಗ್ಯ ಇಲ್ಲ. ಬಿಟ್ಟ ಉಸಿರೇ ಮುಖದ ಸುತ್ತ ಮಂಜುಗಡ್ಡೆಯಾಗುತ್ತದೆ. ಹತ್ತು-ಹದಿನೈದು ನಿಮಿಷದೊಳಗೆ ಹೊರಗೆ ತೆಗೆದರೆ ಬದುಕುವ ಸಾಧ್ಯತೆ ಜಾಸ್ತಿ, ಆಮೇಲೆ ಸರ್ರನೆ ಇಳಿಯುತ್ತದೆ. ನನ್ನ ಒಂಬತ್ತು ನಿಮಿಷ ಹುಡುಕಿದ್ದಕ್ಕೆ ಮಾತ್ರ, ಅಗೆಯುವುದು ಇನ್ನೂ ಬಾಕಿ. ಅವ್ವನಿಗೆ ಇದನ್ನು ಹೇಳಲಿಲ್ಲ.

(ನಮ್ಮ ಪೇಪರಿನಲ್ಲಿ ಹಿಮ ಬಿದ್ದರೂ ಹಿಮಪಾತ, ಗುಡ್ಡದಿಂದ ಜಾರಿದರೂ ಹಿಮಪಾತ. ನಾನು ಜಾರುವುದಕ್ಕೆ ಹಿಮಕುಸಿತ ಅಂತಲೇ ಬರೆಯುತ್ತೇನೆ.)

ಜನವರಿ

ಬರ್ತೌಡ್ ಪಾಸ್ ಎಂಬ ಕಣಿವೆದಾರಿಯ ಹತ್ತಿರ, ಹಿಮಕುಸಿತದಿಂದ ಪಾರಾಗುವುದನ್ನು ಕಲಿಸುವ ಮೂರು ದಿನದ ಲೆವೆಲ್ ಒನ್ ಕೋರ್ಸ್. ಸಾವಿರಾರು ರೂಪಾಯಿಯ ಜಾಕೆಟ್ ಹಾಕಿಕೊಂಡು ಗುಂಡಿ ತೋಡಿದೆವು.

ಗುಂಡಿಯ ತಳದ ಹಿಮ ನೋಡಿ ಬೆಚ್ಚಿದೆ. ಹಿಡಿಯಲ್ಲಿ ಹಿಂಡಿದರೂ ಉಂಡೆ ಕಟ್ಟುವುದಿಲ್ಲ, ಬೆರಳ ಸಂದಿಯಿಂದ ಸಕ್ಕರೆ ಥರ ಸುರಿಯುತ್ತದೆ. ಕೊಲರಾಡೋದಲ್ಲಿ ಶುರುವಿನಲ್ಲಿ ಹಿಮ ತೆಳ್ಳಗೆ ಬೀಳುತ್ತದೆ. ನೆಲ ಸೊನ್ನೆ ಡಿಗ್ರಿ ಆಸುಪಾಸು, ಮೇಲೆ ಕೊರೆಯುವ ಚಳಿ. ಈ ವ್ಯತ್ಯಾಸಕ್ಕೆ ಒಳಗಿನ ಆವಿ ಮೇಲೆ ಸರಿದು ಹರಳುಗಳು ದಪ್ಪ ಆಗುತ್ತವೆ, ಒಂದಕ್ಕೊಂದು ಅಂಟುವುದಿಲ್ಲ. ಅದರ ಮೇಲೆ ಗಾಳಿ ತಂದು ಹಾಕಿದ ಗಟ್ಟಿ ಪದರ, ಅಂದರೆ ಹಿಮದ ಹಲಗೆ. ಸಕ್ಕರೆ ಮೇಲೆ ಕಡಕ್ ರೊಟ್ಟಿ ಇಟ್ಟ ಹಾಗೆ.

ಪದರ ಎಷ್ಟು ಸುಲಭಕ್ಕೆ ಜಾರುತ್ತದೆ ನೋಡಲು ಹಿಮದಲ್ಲಿ 90 ಸೆಂಟಿಮೀಟರ್ ಅಗಲ, ಹಿಂದಕ್ಕೆ 30 ಸೆಂಟಿಮೀಟರ್ ಇರುವ ಕಂಬ ಕಡಿದು, ಒಂದು ತುದಿಯಲ್ಲಿ ಸಲಿಕೆಯಿಟ್ಟು ತಟ್ಟಿದೆ. ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು ಅಂತ ಲೆಕ್ಕ. ಹದಿಮೂರನೇ ಏಟಿಗೇ ಬಿರುಕು ಈ ತುದಿಯಿಂದ ಆ ತುದಿಗೆ ಓಡಿ, ಇಡೀ ಹಲಗೆ ನನ್ನ ಮಡಿಲಿಗೆ ಜಾರಿತು. ಯಾರೂ ಮಾತಾಡಲಿಲ್ಲ.

ಫೆಬ್ರವರಿ

ಹಿಮಕುಸಿತದ ಅಪಾಯದ ಮುನ್ಸೂಚನೆ ಐದರಲ್ಲಿ ಮೂರು, 'ಕನ್ಸಿಡರಬಲ್' (ಗಣನೀಯ). ಹಲಗೆ ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಅದಕ್ಕೇ 25 ಡಿಗ್ರಿ ದಾಟುವುದು ಬೇಡ ಅಂತ ಮನೆಯಲ್ಲೇ ಮಾತಾಗಿತ್ತು. ಕಾಡಿನಂಚಿನ ಬಯಲಿನಲ್ಲಿ ಕಾಲಡಿ 'ಧುಪ್' ಅಂತು, ಹಿಮ ಒಂದಿಷ್ಟು ಕುಸಿದ ಅನುಭವ. ತಳದ ಸಡಿಲ ಪದರ ಕುಸಿಯುವ ಸದ್ದು ಅದು, ಅಪಾಯದ ಗುರುತು. ಗೆಳೆಯ ಪಕ್ಕದ ಕಡಿದಾದ ಇಳಿಜಾರು ತೋರಿಸಿ, "ಆಗಲೇ ಯಾರೋ ಇಳಿದಿದ್ದಾರೆ, ಒಂದೇ ಒಂದು ರೌಂಡ್" ಅಂದ. ಸತ್ಯ ಹೇಳಬೇಕು ಅಂದ್ರೆ ನನಗೂ ಆಸೆ ಇತ್ತು. ಎರಡು ನಿಮಿಷ ನಿಂತು, ಬಂದ ದಾರಿಯಲ್ಲೇ ವಾಪಸ್ ಬಂದೆವು. ಅವನಿಗೆ ಇನ್ನೂ ಸ್ವಲ್ಪ ಸಿಟ್ಟಿದೆ.

ನಿನ್ನೆ ಮತ್ತೆ ಬೀಕನ್ ಅಭ್ಯಾಸ. ಫೋನ್ ಕಾರಿನಲ್ಲೇ ಬಿಟ್ಟೆ. ನಾಲ್ಕೂವರೆ ನಿಮಿಷ. ಆದರೆ ಒಂದು ಮೀಟರ್ ಆಳದ ಚೀಲ ಅಗೆಯಲು ಇಬ್ಬರಿಗೆ ಏಳು ನಿಮಿಷ ಹಿಡಿಯಿತು. ಪ್ರೋಬಿನ ಪಕ್ಕದಲ್ಲೇ ನೇರ ಕೆಳಗೆ ಬಾವಿ ತೋಡಿದ್ದೇ ತಪ್ಪು. ಇಳಿಜಾರಿನ ಕೆಳಬದಿಯಿಂದ ಒಳಕ್ಕೆ ಅಗೆಯಬೇಕಿತ್ತು.

ಮುಂದಿನ ಶನಿವಾರ ಬರೀ ಸಲಿಕೆ.