ಎಂಟು ತೆಂಗಿನ ಮರದಾಚೆಯ ಗುರಿ

ಬಿಲ್ಲುಗಾರಿಕೆಯಲ್ಲಿ ಅಂತೂ 70 ಮೀಟರಿಗೆ ಬಂದೆ. ಒಲಿಂಪಿಕ್ಸ್‌ನಲ್ಲಿ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ) ಬಿಲ್ಲಿನವರು ಹೊಡೆಯುವ ದೂರ ಇದೇ. ಫೆಬ್ರವರಿಯಲ್ಲಿ 30 ಮೀಟರಿನಿಂದ ಶುರು ಮಾಡಿದ್ದೆ, ಏಪ್ರಿಲ್‌ನಲ್ಲಿ 50. ಜಾಗ ತುಮಕೂರಿನಿಂದ ದೇವರಾಯನದುರ್ಗದ ಕಡೆ ಇರುವ ಮಾವನ ರಾಗಿ ಹೊಲ. ಕುಯ್ಲಾದ ಮೇಲೆ ಖಾಲಿ ಇರುತ್ತದೆ. ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬ, ಬಾಣ ತಪ್ಪಿದರೂ ಅಲ್ಲೇ ನಾಟುತ್ತದೆ. ಆ ಕಡೆ ದನ ಮೇಯಿಸುವವರು ಕಂಡರೆ ಮಾತ್ರ ಬಿಲ್ಲು ಕೆಳಗಿಡುತ್ತೇನೆ.

ಪಕ್ಕದ ತೆಂಗಿನ ಸಾಲಿನಲ್ಲಿ ಮರದಿಂದ ಮರಕ್ಕೆ 30 ಅಡಿ. 70 ಮೀಟರ್ ಅಂದರೆ ಸುಮಾರು 230 ಅಡಿ. ಹೆಚ್ಚುಕಡಿಮೆ ಎಂಟು ಮರ ದಾಟಬೇಕು. ಟೇಪ್ ಹಿಡಿದೂ ನೋಡಿದೆ ಬಿಡಿ. 122 ಸೆಂ.ಮೀ. ಅಗಲದ ಗುರಿ ಅಲ್ಲಿಂದ, ಕೈ ಚಾಚಿ ಹಿಡಿದ ಅಂಗಿ ಗುಂಡಿಯಷ್ಟೇ ಕಾಣುತ್ತದೆ.

ಮೊದಲ ತಲೆನೋವು ಸೈಟಿನದು, ಅಂದರೆ ಗುರಿ ನೋಡಲು ಬಿಲ್ಲಿನ ಮುಂದೆ ಸಿಕ್ಕಿಸುವ ಸಾಧನದ್ದು. ದೂರ ಜಾಸ್ತಿಯಾದಷ್ಟೂ ಸೈಟ್ ಕೆಳಗಿಳಿಸಬೇಕು, ಆಗ ಬಿಲ್ಲು ಮೇಲೇಳುತ್ತದೆ. ನನ್ನದು 32 ಪೌಂಡಿನ ಬಿಲ್ಲು, ಅಂದರೆ ಹೆದೆ ಎಳೆಯಲು ಅಷ್ಟು ಬಲ ಬೇಕು. 70ಕ್ಕೆ ಬೇಕಾದಷ್ಟು ಇಳಿಸಿದರೆ ಸೈಟ್ ಬಾಣದ ದಾರಿಗೇ ಅಡ್ಡ! ಎರಡು ಬಾಣದ ಗರಿ ಕಿತ್ತುಹೋದ ಮೇಲೆ ಅರ್ಥವಾಯಿತು. ಪೌಂಡ್ ಏರಿಸೋಣ ಅನಿಸಿತು, ಭುಜ ಒಪ್ಪಲಿಲ್ಲ. ಕೊನೆಗೆ ಸೈಟನ್ನು ಬಿಲ್ಲಿನ ಹತ್ತಿರಕ್ಕೆ ಎಳೆದುಕೊಂಡೆ. ಹತ್ತಿರ ಬಂದರೆ ಅಷ್ಟು ಇಳಿಸುವುದೇ ಬೇಡ.

ಮೊದಲ ಭಾನುವಾರ 36 ಬಾಣ, ಬಾಣಕ್ಕೆ ಹೆಚ್ಚೆಂದರೆ ಹತ್ತು ಅಂಕದಂತೆ 360ಕ್ಕೆ 138. ಹನ್ನೊಂದು ಬಾಣ ಗುರಿಗೆ ತಾಗಲೇ ಇಲ್ಲ. 30ರಲ್ಲಿ ಒಂದೂ ತಪ್ಪದವನಿಗೆ ಇದೇನಾಯಿತು ಅಂತ ಫೋನಿನಲ್ಲಿ ವಿಡಿಯೊ ಮಾಡಿ ನೋಡಿದೆ. ಹೆದೆ ಬಿಡುತ್ತಿದ್ದ ಹಾಗೇ ಎಡಗೈ ಇಳಿಯುತ್ತಿದೆ. ಬಾಣ ಎಲ್ಲಿ ಬಿತ್ತು ಅಂತ ನೋಡುವ ಆತುರ, ಅಲ್ವಾ? ಹಳೇ ವಿಡಿಯೊ ತೆಗೆದರೆ 30ರಲ್ಲೂ ಅದೇ ಚಾಳಿ. ಅರ್ಧ ಡಿಗ್ರಿ ತಪ್ಪಿದರೆ 30 ಮೀಟರಿನಲ್ಲಿ ಬಾಣ ಸರಿಯುವುದು 26 ಸೆಂ.ಮೀ., ಇನ್ನೂ ಗುರಿಯ ಮೇಲೇ. 70ರಲ್ಲಿ 61 ಸೆಂ.ಮೀ., ಸರಿಯಾಗಿ ಗುರಿಯ ಅಂಚು. ನಾಲ್ಕು ತಿಂಗಳು ಸುಮ್ನೆ ನನ್ನನ್ನು ನಾನೇ ಹೊಗಳಿಕೊಂಡಿದ್ದೆ.

ಈಗ ಒಂದೇ ಅಭ್ಯಾಸ. ಬಾಣ ನಾಟಿದ ಸದ್ದು ಕೇಳುವವರೆಗೂ ಕೈ ಇಳಿಸುವ ಹಾಗಿಲ್ಲ. ಸುಮಾರು ಒಂದೂವರೆ ಸೆಕೆಂಡು ಅಷ್ಟೇ, ಆದರೂ ಎಷ್ಟು ಉದ್ದ ಅನಿಸುತ್ತದೆ!

ಇದರ ಮೇಲೆ ಆಷಾಢದ ಗಾಳಿ. ತೆಂಗಿನ ಗರಿ ನೋಡಿ ಅಂದಾಜು ಮಾಡಲು ಹೋಗಿ ಮೋಸಹೋದೆ. ಮೇಲಿನ ಗಾಳಿಯೇ ಬೇರೆ, ಕೆಳಗಿನದೇ ಬೇರೆ. ಗುರಿಯ ಮೇಲೊಂದು ರಿಬ್ಬನ್ ಕಟ್ಟಿದ್ದೇನೆ. ಅದು ಬಲಕ್ಕೆ ಹಾರಿದರೆ ನಡುವಿನ ಹಳದಿ ಬಿಟ್ಟು ಅದರ ಸುತ್ತಲಿನ ಕೆಂಪು ಪಟ್ಟಿಯ ಎಡಗಡೆಗೆ ಗುರಿಯಿಡುತ್ತೇನೆ. ಗಾಳಿ ಗಳಿಗೆಗೊಂದು ತರಹ ಇರುವಾಗ ಪ್ರತಿ ಸಲ ಸೈಟ್ ತಿರುಗಿಸುತ್ತಾ ಕೂರಲು ಆಗುವುದಿಲ್ಲ.

ಮಾವ ಬದುವಿನ ಮೇಲೆ ಕೂತು ನೋಡುತ್ತಿದ್ದರು. "ರಾಮ ಒಂದೇ ಬಾಣಕ್ಕೆ ನಮ್ಮ ದೇವರಾಯನದುರ್ಗದ ನಾಮದ ಚಿಲುಮೇಲಿ ನೀರು ತರಿಸಿದ. ನೀನು ಇಷ್ಟು ಹೊಡೆದ್ಯಲ್ಲಪ್ಪ, ನನ್ನ ಬೋರ್‌ವೆಲ್‌ಗೆ ಒಂದಿಂಚಾದ್ರೂ ಬಂತಾ?"

ನಿನ್ನೆ 207. ಗುರಿ ತಪ್ಪಿದ್ದು ಮೂರೇ. ಒಂದು ದಿಬ್ಬದಲ್ಲಿ ಸಿಕ್ಕಿತು, ಎರಡು ಎಲ್ಲೋ ಹುಲ್ಲಿನ ಬುಡಕ್ಕೆ ನುಸುಳಿವೆ. ಬರುವ ವಾರ ರಾಗಿ ಬಿತ್ತನೆಗೆ ಟ್ರ್ಯಾಕ್ಟರ್ ಬರುತ್ತದೆ. ಅಷ್ಟರೊಳಗೆ ಅವೆರಡನ್ನೂ ಹುಡುಕದಿದ್ದರೆ ಪಂಕ್ಚರ್ ದುಡ್ಡು ನನ್ನದೇ ಅಂತ ಮಾವ ಹೇಳಿದ್ದಾರೆ. ನಾಳೆ ಬೆಳಿಗ್ಗೆ ಬಿಲ್ಲಿನ ಬದಲು ಕುಂಟೆಕೋಲು ಹಿಡಿದು ಹೋಗುತ್ತಿದ್ದೇನೆ.